ಮೆಡಿಕಲ್ ಅವಧಿ ಮುಗಿದಿದೆ, ಪಾಲಿಸಿ ಇದೆ: ಪೈಲಟ್ ಮುಂದೆ ಯಾವ ದಾರಿ?

ಮೇ ತಿಂಗಳ ಕೊನೆಯಲ್ಲಿ ವಿರಾಜಪೇಟೆಯಿಂದ ಮಾವನ ಫೋನ್ ಬಂತು. ಅವರು ಏರ್‌ಫೋರ್ಸ್‌ನಿಂದ ನಿವೃತ್ತರಾಗಿ ಬಹಳ ವರ್ಷವಾಯಿತು. ಇಬ್ಬರು ಕೂರುವ ಒಂದು ಸಣ್ಣ ವಿಮಾನ ಇಟ್ಟುಕೊಂಡಿದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಅದರಲ್ಲಿ ಒಂದಷ್ಟು ಹಾರುತ್ತಾರೆ. ಮೆಡಿಕಲ್ ಅಂದರೆ ಹಾರಲು ಆರೋಗ್ಯ ಸರಿಯಿದೆ ಅಂತ ವೈದ್ಯರ ತಪಾಸಣೆಯ ಮೇಲೆ ಸಿಗುವ, ಅವಧಿ ಇರುವ ಸರ್ಟಿಫಿಕೇಟ್.

"ಮೆಡಿಕಲ್ ಅವಧಿ ಮೂರು ವಾರದ ಹಿಂದೆ ಮುಗಿದಿದೆ ಮಗ. ಪಾಲಿಸಿ ನವೆಂಬರ್‌ವರೆಗೆ ಇದೆ. ಪ್ರೀಮಿಯಂ ಪೂರ್ತಿ ಕಟ್ಟಿದ್ದೇನೆ. ವಿಮೆ ಇದೆ ಅಲ್ವಾ?"

"ಶೆಡ್ಡಿನಲ್ಲಿ ನಿಂತಿದ್ದರೆ ಇದೆ ಮಾವ. ನೀವು ಹತ್ತಿ ಹಾರಿಸಿದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾರಿಸಲು ಬರುತ್ತದೋ ಇಲ್ಲವೋ ಅಂತ ಆ ಕಾಗದ ಹೇಳಬೇಕಾ?" ಅಂದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಮೇಲೆ ಹೋರಾಡಿ ಪ್ರಾಣ ಕೊಟ್ಟ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರ ಜಿಲ್ಲೆಯಲ್ಲಿ ಪೈಲಟ್‌ಗೆ ಇಂಥ ಮಾತು ಹೇಳುವುದು ನನಗೂ ಕಷ್ಟವೇ. ಆದರೆ ವಿಮೆ ಕಂಪನಿ ಕೇಳುವುದು ಕೈಚಳಕವನ್ನಲ್ಲ. ಅಪಘಾತದ ದಿನ ಕಾಗದಕ್ಕೆ ಜೀವ ಇತ್ತಾ, ಅಷ್ಟೇ.

ನಾನು ಗೋಣಿಕೊಪ್ಪದಲ್ಲಿ ಜೀಪು, ಪಿಕಪ್, ಮನೆ, ದನಗಳ ಪಾಲಿಸಿ ಮಾಡಿಸಿಕೊಡುವವನು. ವಿಮಾನದ ಪಾಲಿಸಿ ಬ್ರೋಕರ್ ಮೂಲಕ ಬಂದದ್ದು. ಓದಿ ಹೇಳು ಅಂದರು, ಓದಿದೆ. ಅದೇ ವಾರ ಟೆಕ್ಸಾಸ್‌ನಲ್ಲಿರುವ ಮಾವನ ಮಗನೂ ಇದನ್ನೇ ಕೇಳಿದ. ಅವನಿಗೆ ಗೆಳೆಯರ ಜೊತೆ ಪಾಲಿನಲ್ಲಿ ಒಂದು ಸೆಸ್ನಾ 172 ವಿಮಾನ ಇದೆ. ಅಲ್ಲಿ ಪೈಲಟ್ ಆಗಾಗ ಶಿಕ್ಷಕರ ಜೊತೆ ಮಾಡಬೇಕಾದ ಫ್ಲೈಟ್ ರಿವ್ಯೂ ಅವನಿಗೆ ತಪ್ಪಿತ್ತು. ಅಪ್ಪ, ಮಗ ಇಬ್ಬರಿಗೂ ಸೇರಿಸಿ ಬರೆದುಕೊಟ್ಟ ಟಿಪ್ಪಣಿಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪಾಲಿಸಿ ಒಂದೇ, ಒಳಗೆ ಕೋಣೆಗಳು ಬೇರೆ

ಸಣ್ಣ ವಿಮಾನದ ಪಾಲಿಸಿಯಲ್ಲಿ ಎರಡು ದೊಡ್ಡ ಭಾಗ. ಒಂದು ಹಲ್, ಅಂದರೆ ವಿಮಾನಕ್ಕೇ ಆಗುವ ಹಾನಿ. ಇನ್ನೊಂದು ಲಯಬಿಲಿಟಿ, ಅಂದರೆ ಕೆಳಗಿನ ಜನ, ಆಸ್ತಿ ಮತ್ತು ಜೊತೆಗೆ ಕೂತವರಿಗೆ ನೀವು ಕೊಡಬೇಕಾಗಿ ಬರುವ ಪರಿಹಾರ.

ಹಲ್ ಭಾಗದಲ್ಲಿ ವಿಮಾನ ಆ ಕ್ಷಣ ಏನು ಮಾಡುತ್ತಿತ್ತು ಅನ್ನುವುದಕ್ಕೆ ತುಂಬಾ ಬೆಲೆ ಇದೆ. ಲಂಡನ್ ಮಾರುಕಟ್ಟೆಯ ಎವಿಎನ್ 1ಸಿ ಅನ್ನುವ ಒಕ್ಕಣೆ ಜಗತ್ತಿನ ಬಹಳ ಕಡೆ ಬಳಕೆಯಲ್ಲಿದೆ. ಅದು ಹಾರಾಟ, ಟ್ಯಾಕ್ಸಿ (ತನ್ನದೇ ಶಕ್ತಿಯಿಂದ ನೆಲದ ಮೇಲೆ ಉರುಳಿ ಸಾಗುವುದು), ನೆಲ ಅಂತ ಬೇರೆ ಬೇರೆ ಹೆಸರಿಟ್ಟು ಅರ್ಥ ಹೇಳುತ್ತದೆ. ನೀರಿನ ಮೇಲೆ ಇಳಿಯುವ ವಿಮಾನಕ್ಕೆ ಲಂಗರು ಅಂತ ಇನ್ನೊಂದು ಸ್ಥಿತಿ ಇದೆ, ನಮಗೆ ಬೇಡ. ಟೇಕಾಫ್‌ಗೆ ಮುಂದಕ್ಕೆ ಓಡಲು ಶುರುವಾದಲ್ಲಿಂದ, ಇಳಿದು ಓಟ ಮುಗಿಯುವವರೆಗೆ ಹಾರಾಟ. ಚಕ್ರ ಮೇಲೆ ಏಳಲೇ ಇಲ್ಲ ಅಂದರೂ ಅದು ಹಾರಾಟವೇ.

ಅದೇ ಒಕ್ಕಣೆಯಲ್ಲಿ ಇನ್ನೊಂದು ಸಾಲು ಇದೆ. ಶೆಡ್ಯೂಲ್‌ನಲ್ಲಿ, ಅಂದರೆ ಪಾಲಿಸಿಯ ವಿವರ ಪಟ್ಟಿಯಲ್ಲಿ, ಬರೆದವರನ್ನು ಬಿಟ್ಟು ಬೇರೆ ಯಾರಾದರೂ ಪೈಲಟ್ ಆಗಿ ನಡೆಸುತ್ತಿದ್ದಾಗ ಆದ ನಷ್ಟಕ್ಕೆ ವಿಮೆ ಇಲ್ಲ. ನೆಲದ ಮೇಲೆ ಮಾತ್ರ, ಆ ಕೆಲಸ ಗೊತ್ತಿರುವ ಯಾರು ಬೇಕಾದರೂ ಸರಿಸಬಹುದು. ಶೆಡ್ಯೂಲ್‌ನಲ್ಲಿ ಪೈಲಟ್ ಹೆಸರಿನ ಪಕ್ಕ ಸಾಮಾನ್ಯವಾಗಿ ಒಂದು ಷರತ್ತು ಅಂಟಿಕೊಂಡಿರುತ್ತದೆ: ಲೈಸೆನ್ಸ್, ರೇಟಿಂಗ್ (ಇಂಥ ಬಗೆಯ ವಿಮಾನ ಹಾರಿಸಬಹುದು ಅನ್ನುವ ಅನುಮತಿ), ಮೆಡಿಕಲ್ ಎಲ್ಲವೂ ಚಾಲ್ತಿಯಲ್ಲಿರಬೇಕು. ಮೆಡಿಕಲ್ ಮುಗಿದ ದಿನ ನಿಮ್ಮ ಹೆಸರು ಕಾಗದದ ಮೇಲೆ ಇದ್ದರೂ, ಆ ಪಟ್ಟಿಯಲ್ಲಿ ನೀವಿಲ್ಲ. ನಿಂತ ವಿಮಾನಕ್ಕೆ ಪೈಲಟ್ ಬೇಡ, ಹಾಗಾಗಿ ಶೆಡ್ಡಿನಲ್ಲಿ ಮರ ಬಿದ್ದರೆ ಕ್ಲೇಮ್ ನಡೆಯುತ್ತದೆ. ಮಾವನಿಗೆ ನಾನು ಹೇಳಿದ್ದು ಇದನ್ನೇ.

ಜೀಪಿನ ಕಥೆ ವಿಮಾನಕ್ಕೆ ಹೊಂದುವುದಿಲ್ಲ

ನಮ್ಮಲ್ಲಿ ಎಲ್ಲರ ತಲೆಯಲ್ಲೂ ಇರುವುದು ಜೀಪಿನ ಲೆಕ್ಕ. ಡ್ರೈವರ್ ಲೈಸೆನ್ಸ್ ಮುಗಿದಿದ್ದರೂ ಕಂಪನಿ ದುಡ್ಡು ಕೊಡುತ್ತದೆ ಅನ್ನುವ ಮಾತು ಸಂತೆಯಲ್ಲೂ ಕೇಳಿಬರುತ್ತದೆ. ಅದಕ್ಕೆ ಆಧಾರ ಇಲ್ಲದಿಲ್ಲ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೈಸೆನ್ಸ್ ಸರಿಯಿಲ್ಲ ಅನ್ನುವುದೊಂದರಿಂದಲೇ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಅಂತ ಹೇಳಿತು. ಪೆಟ್ಟಾದ ಮೂರನೆಯವರಿಗೆ ಮೊದಲು ಕೊಡಬೇಕು, ಆಮೇಲೆ ಬೇಕಿದ್ದರೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು.

ಆದರೆ ಅದು ಮೋಟಾರು ವಾಹನ ಕಾಯ್ದೆಯ ಮಾತು. ದಾರಿಹೋಕನನ್ನು ಕಾಯಲು ಆ ಕಾಯ್ದೆಯಲ್ಲಿ ಬೇರೆಯೇ ಏರ್ಪಾಡಿದೆ. ಮಾವನ ವಿಮಾನ ಅದರೊಳಗೆ ಬರುವುದಿಲ್ಲ. ತಮಾಷೆ ಅಂದರೆ, ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಒಂದು ಲೆಕ್ಕದಲ್ಲಿ ಬರುತ್ತದೆ! 2021ರ ಡ್ರೋನ್ ನಿಯಮಗಳು ಡ್ರೋನ್‌ನ ಥರ್ಡ್ ಪಾರ್ಟಿ ವಿಮೆಗೆ ಮೋಟಾರು ಕಾಯ್ದೆಯನ್ನೇ ತಕ್ಕ ಬದಲಾವಣೆಯೊಂದಿಗೆ ಹೊಂದಿಸಿಕೊಳ್ಳಿ ಅನ್ನುತ್ತವೆ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಮಾತ್ರ ಆ ವಿಮೆ ಬೇಕಿಲ್ಲ. ಮಾವನಿಗೆ ಇದನ್ನು ಹೇಳಿದಾಗ, "ಹಾಗಾದರೆ ಆ ಫ್ಯಾನಿಗೆ ಇರುವ ಮರ್ಯಾದೆ ನನಗಿಲ್ಲ" ಅಂದರು.

"ಮೆಡಿಕಲ್‌ಗೂ ಅಪಘಾತಕ್ಕೂ ಏನು ಸಂಬಂಧ?"

ಇದು ನ್ಯಾಯವಾದ ಪ್ರಶ್ನೆ. ಎಂಜಿನ್ ನಿಂತು ಗದ್ದೆಗೆ ಇಳಿದರೆ ಪೈಲಟ್‌ನ ರಕ್ತದೊತ್ತಡ ಅದಕ್ಕೆ ಕಾರಣ ಅಲ್ಲವಲ್ಲ. ಉತ್ತರ ಮಾತ್ರ ನೀವು ಯಾವ ನೆಲದಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲೆ ಬದಲಾಗುತ್ತದೆ.

ಟೆಕ್ಸಾಸ್‌ನಲ್ಲಿ ಮಾವನ ಮಗನ ಕಡೆ ಒಂದು ಬಲವಾದ ತೀರ್ಪಿದೆ. 1984ರ ಪಕೆಟ್ ಪ್ರಕರಣ. ವಿಮಾನದ ವಾರ್ಷಿಕ ತಪಾಸಣೆಯ ಅವಧಿ ಮೀರಿತ್ತು, ಅಪಘಾತ ಆದದ್ದು ಪೈಲಟ್ ತಪ್ಪಿನಿಂದ. ತಪ್ಪಿದ ಷರತ್ತಿಗೂ ಅಪಘಾತಕ್ಕೂ ಸಂಬಂಧ ಇಲ್ಲದಿದ್ದರೆ ಕಂಪನಿ ಹಣ ತಡೆಹಿಡಿಯುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಮೆರಿಕದ ಬೇರೆ ಹಲವು ರಾಜ್ಯಗಳಲ್ಲಿ ಹಾಗಿಲ್ಲ. ಷರತ್ತು ತಪ್ಪಿತಾ, ವಿಮೆ ಇಲ್ಲ. ಕಾರಣ ಕೇಳುವುದೇ ಇಲ್ಲ. ಬ್ರಿಟನ್‌ನಲ್ಲಿ 2015ರ ವಿಮೆ ಕಾಯ್ದೆ ಬಂದ ಮೇಲೆ, ಆದ ನಷ್ಟದ ಅಪಾಯವನ್ನು ಹೆಚ್ಚಿಸಲು ಸಾಧ್ಯವೇ ಇಲ್ಲದ ಷರತ್ತನ್ನು ಹಿಡಿದು ಕಂಪನಿ ತಪ್ಪಿಸಿಕೊಳ್ಳುವುದು ಕಷ್ಟವಾಗಿದೆ. ನಮ್ಮಲ್ಲಿ 1963ರ ಸಾಗರ ವಿಮೆ ಕಾಯ್ದೆ ವಾರಂಟಿಯ, ಅಂದರೆ ಇದನ್ನು ಪಾಲಿಸುತ್ತೇನೆ ಅಂತ ವಿಮೆ ಮಾಡಿಸಿದವರು ಕೊಟ್ಟ ಮಾತಿನ, ಬಗ್ಗೆ ಹಳೆಯ ಬಿಗಿ ನಿಯಮವನ್ನೇ ಇಟ್ಟುಕೊಂಡಿದೆ: ಅದು ಮುಖ್ಯವೋ ಅಲ್ಲವೋ, ಅಕ್ಷರಶಃ ಪಾಲಿಸಬೇಕು. ಅದು ಹಡಗಿನ ಕಾನೂನು ನಿಜ. ಆದರೂ ವಿಮೆ ಕಂಪನಿಯ ವಕೀಲರು ಯೋಚಿಸುವ ರೀತಿ ಅದರಿಂದ ಗೊತ್ತಾಗುತ್ತದೆ.

ಹಾಗಾಗಿ ಮಗನಿಗೆ ಹೇಳಿದ್ದು: ನಿನ್ನ ರಾಜ್ಯದ ತೀರ್ಪು ನಿನಗೆ ಕೊನೆಯ ಆಸರೆ. ಅದನ್ನು ನಂಬಿಕೊಂಡು ಹಾರಬೇಡ. ಪಕ್ಕದ ರಾಜ್ಯಕ್ಕೆ ಹೋಗಿ ಅಲ್ಲಿ ಏನಾದರೂ ಆದರೆ, ಯಾವ ರಾಜ್ಯದ ಕಾನೂನು ಅಂತಲೇ ಎರಡು ವರ್ಷ ಕೋರ್ಟ್ ಅಲೆಯಬೇಕಾದೀತು.

ಈಗ ದಾರಿಗಳು

ಮೊದಲನೆಯದು, ಏನೂ ಮಾಡದೆ ಸುಮ್ನೆ ಇರುವುದು. ಪಾಲಿಸಿ ಹಾಗೇ ಇರಲಿ, ಮೆಡಿಕಲ್ ಆಗುವವರೆಗೆ ಹಾರದಿದ್ದರೆ ಆಯಿತು ಅಂತ. ಕಾನೂನಿನಲ್ಲಿ ಇದು ತಪ್ಪೇನಲ್ಲ. ಆದರೆ ಹಾರಾಟದ ದರ ಕೊಟ್ಟು ನೆಲದ ರಕ್ಷಣೆ ಮಾತ್ರ ಪಡೆಯುತ್ತೀರಿ. ಇನ್ನೊಂದು ತೊಂದರೆ ಮನಸ್ಸಿನದು. ಬಿಸಿಲು ಬಿದ್ದ ಒಂದು ಬೆಳಿಗ್ಗೆ "ಒಂದೇ ಸುತ್ತು" ಅನ್ನಿಸುತ್ತದೆ. ಕೀ ಜೇಬಿನಲ್ಲೇ ಇರುತ್ತದೆ.

ಎರಡನೆಯದು, ಪಾಲಿಸಿ ರದ್ದು ಮಾಡಿಸಿ ಹಣ ಉಳಿಸುವುದು. ಇದನ್ನು ಕೇಳಿದವರೂ ಇದ್ದಾರೆ. ಕೊಡಗಿನಲ್ಲಿ ಕೂತು ಜೂನ್ ತಿಂಗಳಲ್ಲಿ ಇಂಥ ಯೋಚನೆ ಮಾಡಬಾರದು. 2018ರ ಆಗಸ್ಟ್ ಮರೆತುಹೋಯಿತಾ? ಗುಡ್ಡವೇ ಜಾರಿ ಬಂದ ಮಳೆಗಾಲ ಅದು. ಗಾಳಿಗೆ ತಗಡು ಹಾರುವುದು, ಸಿಲ್ವರ್ ಓಕ್ ಮುರಿದು ಬೀಳುವುದು, ನೀರು ನುಗ್ಗುವುದು, ಇಲಿ ವೈರ್ ಕಡಿಯುವುದು, ಇವೆಲ್ಲ ವಿಮಾನ ಹಾರದಿದ್ದಾಗಲೇ ಆಗುವ ಕೆಲಸ. ಇಲಿ ಕಡಿದದ್ದಕ್ಕೆ ಬಹಳ ಪಾಲಿಸಿಗಳು ಕೊಡುವುದಿಲ್ಲ, ಅದು ಬೇರೆ ಮಾತು.

ಮೂರನೆಯದು ನನಗೆ ಹಿಡಿಸಿದ ದಾರಿ: ಲೇ-ಅಪ್. ವಿಮಾನವನ್ನು ಇಷ್ಟು ದಿನ ಹಾರಿಸುವುದಿಲ್ಲ ಅಂತ ಕಂಪನಿಗೆ ಮೊದಲೇ ಬರೆದುಕೊಟ್ಟು, ಆ ಅವಧಿಗೆ ನೆಲದ ರಕ್ಷಣೆ ಮಾತ್ರ ಇಟ್ಟುಕೊಳ್ಳುವುದು. ಸಾಮಾನ್ಯವಾಗಿ ಸತತ 30 ದಿನವಾದರೂ ನಿಲ್ಲಿಸಬೇಕು ಅನ್ನುವ ಷರತ್ತು ಇರುತ್ತದೆ. ಹಾರಾಟದ ದರಕ್ಕೂ ನೆಲದ ದರಕ್ಕೂ ಇರುವ ವ್ಯತ್ಯಾಸದಲ್ಲಿ ಆ ದಿನಗಳ ಪಾಲು ವಾಪಸ್ ಬರುತ್ತದೆ. ಲೆಕ್ಕ ತಿಳಿಯಲು ಒಂದು ಕಲ್ಪನೆ ಇಟ್ಟುಕೊಳ್ಳಿ. ವರ್ಷದ ಹಲ್ ಪ್ರೀಮಿಯಂ 1,00,000 ರೂಪಾಯಿ. ಬರೀ ನೆಲದ ರಕ್ಷಣೆಗಾದರೆ 40,000. ವ್ಯತ್ಯಾಸ 60,000. ನಾಲ್ಕು ತಿಂಗಳು ನಿಲ್ಲಿಸಿದರೆ ಅದರ ಮೂರನೇ ಒಂದು ಪಾಲು, 20,000 ರೂಪಾಯಿ. ಬಹಳ ಕಡೆ ಇದು ಪಾಲಿಸಿ ವರ್ಷ ಮುಗಿದ ಮೇಲೆ ಬರುವ ಹಣ. ನಾಳೆಯೇ ಖಾತೆಗೆ ಬೀಳುತ್ತದೆ ಅಂದುಕೊಳ್ಳಬೇಡಿ. ಹಿಂದಿನ ದಿನಾಂಕ ಹಾಕಿಕೊಡಿ ಅಂದರೂ ನಡೆಯುವುದಿಲ್ಲ. ಮಾವನ ಮೂರು ವಾರ ಹೋದದ್ದು ಹೋಯಿತು.

ಕೊಡಗಿನವರಿಗೆ ಲೇ-ಅಪ್ ಹೇಳಿ ಮಾಡಿಸಿದಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮೋಡ ಕಾಫಿ ಗಿಡದ ಮೇಲೇ ಕೂತಿರುತ್ತದೆ. ಕಕ್ಕಡ ಮಾಸದ ಮಳೆಯಲ್ಲಿ ಯಾರು ಹಾರುತ್ತಾರೆ? ಮೆಡಿಕಲ್ ಮುಗಿಯುವ ತಾರೀಕೂ ಮಳೆಯ ಆರಂಭದಲ್ಲೇ ಬರುವಂತೆ ಹೊಂದಿಸಿಕೊಂಡರೆ, ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಹೊಸ ಕಾಗದ ಕೈಯಲ್ಲಿರುತ್ತದೆ.

ನಾಲ್ಕನೆಯದು, ಬೇರೆ ಪೈಲಟ್ ಸೇರಿಸುವುದು. ಇದರಲ್ಲಿ ಎರಡು ಬಗೆ. ಹೆಸರು ಹೇಳಿ ಸೇರಿಸುವುದು ಒಂದು. ಅವರ ಲೈಸೆನ್ಸ್, ಒಟ್ಟು ಗಂಟೆ, ಈ ಮಾದರಿಯಲ್ಲಿ ಹಾರಿದ ಗಂಟೆ, ಹಿಂದಿನ ಅಪಘಾತ ಎಲ್ಲ ಕೇಳಿ ಕಂಪನಿ ಒಪ್ಪುತ್ತದೆ. ಇನ್ನೊಂದು ಓಪನ್ ಪೈಲಟ್ ಷರತ್ತು. ಇಂತಿಷ್ಟು ಗಂಟೆ ಹಾರಿರುವ, ಇಂಥ ರೇಟಿಂಗ್ ಇರುವ ಯಾರಾದರೂ ಸರಿ, ಹೆಸರು ಬೇಡ. ಎರಡನೆಯದು ಸಲೀಸು ಅನ್ನಿಸುತ್ತದೆ. ಆದರೆ ಅಪಘಾತ ಆದ ಮೇಲೆ ಆ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ತೋರಿಸಬೇಕಾದವರು ನೀವು. ಗೆಳೆಯ "ಸುಮಾರು ಇನ್ನೂರು ಗಂಟೆ ಇರಬಹುದು" ಅಂದದ್ದು ಸಾಲುವುದಿಲ್ಲ. ಸಣ್ಣ ಊರಿನಲ್ಲಿ, ಹಾರುವವರು ನಾಲ್ಕೇ ಜನ ಇರುವಲ್ಲಿ, ಹೆಸರು ಹೇಳಿ ಸೇರಿಸುವುದೇ ವಾಸಿ.

ಐದನೆಯದು ಶಿಕ್ಷಕರ ಜೊತೆ ಹಾರುವುದು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಪಕ್ಕದಲ್ಲಿ ಶಿಕ್ಷಕರು ಕೂತ ಮಾತ್ರಕ್ಕೆ ಕೆಲಸ ಆಗಲಿಲ್ಲ. ಆ ಹಾರಾಟದ ಪೈಲಟ್ ಇನ್ ಕಮಾಂಡ್, ಅಂದರೆ ಹಾರಾಟದ ಹೊಣೆ ಹೊತ್ತ ಪೈಲಟ್, ಅವರೇ ಆಗಿರಬೇಕು, ಅವರ ಮೆಡಿಕಲ್ ಚಾಲ್ತಿಯಲ್ಲಿರಬೇಕು, ನಿಮ್ಮ ಪಾಲಿಸಿ ಅವರನ್ನು ಒಪ್ಪಿರಬೇಕು. ಈ ಮೂರರಲ್ಲಿ ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಅಮೆರಿಕದಲ್ಲಿ ಫ್ಲೈಟ್ ರಿವ್ಯೂ ಅಂದರೆ ಕನಿಷ್ಠ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ಇದನ್ನು 24 ತಿಂಗಳಿಗೊಮ್ಮೆ ಮಾಡಬೇಕು. ಅದು ತಪ್ಪಿದ ಮೇಲೆ ಅದನ್ನು ಸರಿಮಾಡಿಕೊಳ್ಳಲು ಹಾರುವಾಗಲೂ ಕಮಾಂಡ್ ಶಿಕ್ಷಕರದ್ದೇ. ಮಾವನ ಮಗ ಶಿಕ್ಷಕರನ್ನು ಗೊತ್ತುಮಾಡಿದ್ದ, ಬ್ರೋಕರ್‌ಗೆ ಒಂದು ಸಾಲು ಬರೆದಿರಲಿಲ್ಲ. ಬರೆದ. ಮರುದಿನ ಒಪ್ಪಿಗೆ ಬಂತು. ಅಷ್ಟೇ ಕೆಲಸ.

ಆರನೆಯ ದಾರಿ ಅಮೆರಿಕದವರಿಗೆ ಮಾತ್ರ. 2017ರ ಮೇ 1ರಿಂದ ಅಲ್ಲಿ ಬೇಸಿಕ್‌ಮೆಡ್ ಬಂದಿದೆ. 2006ರ ಜುಲೈ 14ರ ನಂತರ ಒಮ್ಮೆಯಾದರೂ ಮಾಮೂಲಿ ಮೆಡಿಕಲ್ ಪಡೆದವರು, 48 ತಿಂಗಳಿಗೊಮ್ಮೆ ತಮ್ಮ ವೈದ್ಯರಿಂದ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಪಾಠ ಮುಗಿಸಿ ಸಣ್ಣ ವಿಮಾನ ಹಾರಿಸಬಹುದು. ಬಾಡಿಗೆಗೆ ಹಾರಿಸುವಂತಿಲ್ಲ. ನಿಯಮ ಒಪ್ಪಿತು ಅಂದರೆ ನಿಮ್ಮ ಪಾಲಿಸಿಯೂ ಒಪ್ಪಿತು ಅಂತಲ್ಲ. ಷರತ್ತಿನಲ್ಲಿ ಇಂಥ ದರ್ಜೆಯ ಮೆಡಿಕಲ್ ಸರ್ಟಿಫಿಕೇಟ್ ಅಂತ ಬರೆದಿದ್ದರೆ, ಬೇಸಿಕ್‌ಮೆಡ್ ಕೂಡ ನಡೆಯುತ್ತದೆ ಅಂತ ಕಂಪನಿಯಿಂದ ಬರೆಸಿಕೊಳ್ಳಬೇಕು.

ನಮ್ಮಲ್ಲಿ ಇಂಥ ಅಡ್ಡದಾರಿ ಇಲ್ಲ. ಪ್ರೈವೇಟ್ ಪೈಲಟ್‌ಗೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಎರಡನೇ ದರ್ಜೆಯ ಮೆಡಿಕಲ್ ಬೇಕು. ಅದನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು. ಕೊಡಗಿನಿಂದ ಹೋಗುವವರಿಗೆ ಬೆಂಗಳೂರು ಪ್ರಯಾಣ ತಪ್ಪಿದ್ದಲ್ಲ ಅನ್ನಿ. ಅಪಾಯಿಂಟ್‌ಮೆಂಟ್ ಮೊದಲು ಹಿಡಿದು ಆಮೇಲೆ ಬಸ್ ಹತ್ತಿ. ಕೋವಿಗೆ ಲೈಸೆನ್ಸ್‌ನಿಂದ ಕೊಡವರಿಗೂ ಕೊಡಗಿನ ಹಳೆಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇದೆ. ಅದೇ ಗುಂಗಿನಲ್ಲಿ ಮಾವ, "ಹಳೆಯ ಪೈಲಟ್‌ಗಳಿಗೆ ಏನೂ ಇಲ್ವಾ?" ಅಂತ ಒಮ್ಮೆ ಕೇಳಿಯೇಬಿಟ್ಟರು. ಇಲ್ಲ ಮಾವ.

ತಾರೀಕು ಇದ್ದರೂ ಸಾಲದು

ಒಂದು ಗುಂಡಿ ಇದೆ, ಅದನ್ನು ಬೇರೆಯಾಗಿಯೇ ಹೇಳಬೇಕು. ಕಾಗದದ ಮೇಲೆ ಇನ್ನೂ ಎಂಟು ತಿಂಗಳಿದೆ. ನಡುವೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ಅಥವಾ ಹೊಸ ಮಾತ್ರೆ ಶುರುವಾಯಿತು. ಆಗ ತಾರೀಕು ಜೀವಂತ, ಆದರೆ ಹಾರುವ ಹಕ್ಕು ಇಲ್ಲ. ದೇಹಸ್ಥಿತಿ ಮಟ್ಟಕ್ಕಿಂತ ಕೆಳಗಿಳಿದಿದೆ ಅಂತ ಗೊತ್ತಿದ್ದೂ ಹಾರಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಇಲ್ಲೂ ಅಲ್ಲೂ ಅದೇ. ಅಪಘಾತದ ನಂತರ ಆಸ್ಪತ್ರೆ ದಾಖಲೆ, ಔಷಧಿ ಚೀಟಿ ಹೊರಗೆ ಬರುತ್ತವೆ. ನವೀಕರಣದ ಅರ್ಜಿಯಲ್ಲಿ ಮುಚ್ಚಿಟ್ಟಿದ್ದರಂತೂ ಇಡೀ ಪಾಲಿಸಿಗೇ ಕುತ್ತು.

ಇದರ ಜೊತೆ ಇನ್ನೊಂದು ಗೊಂದಲ. ಲಾಸ್ ಆಫ್ ಲೈಸೆನ್ಸ್ ಅನ್ನುವ ಪಾಲಿಸಿ ಇದೆ. ಮೆಡಿಕಲ್ ಶಾಶ್ವತವಾಗಿ ಹೋದರೆ ವೃತ್ತಿಯ ಪೈಲಟ್‌ಗೆ ಹಣ ಕೊಡುವಂಥದ್ದು. ಏರ್‌ಲೈನ್‌ನಲ್ಲಿ ದುಡಿಯುವ ಮಕ್ಕಳಿಗೆ ಅದು ಬೇಕೇ ಬೇಕು. ಮಾವನಂಥವರ ವಿಮಾನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮುಂದಿನ ನವೀಕರಣದಲ್ಲಿ ಯಾವ ಪಾಲಿಸಿ?

ಇಬ್ಬರು ಕಂಪನಿಯವರ ದರ ಪಕ್ಕ ಪಕ್ಕ ಇಟ್ಟು ನೋಡುವಾಗ ನಾನು ಪ್ರೀಮಿಯಂ ಕೊನೆಗೆ ನೋಡುತ್ತೇನೆ. ಮೊದಲು ಪೈಲಟ್ ಷರತ್ತಿನ ಸಾಲು. ಒಂದರಲ್ಲಿ "ಕಾನೂನಿನ ಪ್ರಕಾರ ಆ ಹಾರಾಟಕ್ಕೆ ಅರ್ಹರಾದ ಪೈಲಟ್" ಅಂತ ಸಡಿಲವಾಗಿ ಇರಬಹುದು. ಇನ್ನೊಂದರಲ್ಲಿ ಮೆಡಿಕಲ್, ರಿವ್ಯೂ, ಈ ಮಾದರಿಯಲ್ಲಿ ಕಳೆದ 90 ದಿನದ ಹಾರಾಟ ಅಂತ ಒಂದೊಂದನ್ನೂ ಎಣಿಸಿರಬಹುದು. ಮೊದಲನೆಯದು ಸ್ವಲ್ಪ ದುಬಾರಿಯಾದರೂ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಎಣಿಸಿ ಬರೆದ ಪಟ್ಟಿಯಲ್ಲಿ ಕಾನೂನು ಕೇಳದ್ದನ್ನೂ ಕಂಪನಿ ಕೇಳಿರುತ್ತದೆ. ನಿಯಮದ ಪ್ರಕಾರ ಸರಿಯಿದ್ದೂ ವಿಮೆಯ ಪ್ರಕಾರ ತಪ್ಪಿರುವ ಸ್ಥಿತಿ ಅಲ್ಲೇ ಹುಟ್ಟುವುದು.

ಬ್ಯಾಂಕ್ ಸಾಲ ಇದ್ದರೆ ಇನ್ನೊಂದು ಮಾತು. ಷರತ್ತು ತಪ್ಪಿದರೂ ಬ್ಯಾಂಕಿನ ಪಾಲು ಉಳಿಯುವಂತೆ ಒಂದು ಸೇರ್ಪಡೆ ಹಾಕಿಸುತ್ತಾರೆ. ಅದು ಬ್ಯಾಂಕಿಗೆ ರಕ್ಷಣೆ, ನಿಮಗಲ್ಲ. ಬ್ಯಾಂಕಿಗೆ ಕೊಟ್ಟ ಹಣವನ್ನು ಕಂಪನಿ ನಿಮ್ಮಿಂದ ಕೇಳಬಹುದು.

ಜೊತೆಗೆ ಕೂರುವವರಿಗೂ ಒಂದು ಮಾತು. ಪೊನ್ನಂಪೇಟೆ ಕಡೆ ಮೈಕ್ರೋಲೈಟ್‌ನಲ್ಲಿ ಸುತ್ತು ಹೊಡೆಯಲು ಬೆಂಗಳೂರಿನಿಂದಲೂ ಜನ ಬರುತ್ತಾರೆ. ನಮ್ಮ ಮಾಮೂಲಿ ಅಪಘಾತ ವಿಮೆಗಳಲ್ಲಿ ಬಹಳಷ್ಟು, ಟಿಕೆಟ್ ಕೊಂಡು ಏರ್‌ಲೈನ್‌ನಲ್ಲಿ ಹೋಗುವುದನ್ನು ಬಿಟ್ಟು ಬೇರೆ ಹಾರಾಟವನ್ನು ಹೊರಗಿಡುತ್ತವೆ. ಅಂದರೆ ನೀವು ನಿಂತಿರುವುದು ಆ ವಿಮಾನದವರ ಪಾಲಿಸಿಯ ಮೇಲೆ ಮಾತ್ರ. ಪೈಲಟ್‌ನ ಮೆಡಿಕಲ್ ಚಾಲ್ತಿಯಲ್ಲಿದೆಯಾ, ಪ್ರಯಾಣಿಕರಿಗೆ ಎಷ್ಟು ರಕ್ಷಣೆ ಇದೆ, ಕೇಳಿ. ಬೇಜಾರು ಮಾಡಿಕೊಂಡರೆ ಕೆಳಗೇ ಇದ್ದು ಫೋಟೋ ತೆಗೆದುಕೊಳ್ಳಿ.

ಮಾವ ಕೊನೆಗೆ ಮೂರನೆಯ ದಾರಿ ಹಿಡಿದರು. ಜೂನ್ 1ರಿಂದ ಲೇ-ಅಪ್ ಅಂತ ಬ್ರೋಕರ್‌ಗೆ ಮೇಲ್ ಹೋಯಿತು, ಉತ್ತರದ ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆವು. ಬ್ಯಾಟರಿ ಬಿಚ್ಚಿ ಮನೆಗೆ ತಂದಿಟ್ಟುಕೊಂಡರು. ಮೆಡಿಕಲ್ ಅಪಾಯಿಂಟ್‌ಮೆಂಟ್ ಜುಲೈನಲ್ಲಿ. ಜೊತೆಗೆ, ಅವರ ಹಳೆಯ ಶಿಷ್ಯನೊಬ್ಬನ ಹೆಸರನ್ನು ಎರಡನೇ ಪೈಲಟ್ ಆಗಿ ಸೇರಿಸಲು ಅರ್ಜಿ ಕೊಟ್ಟಿದ್ದಾರೆ. ಅವನ ಲಾಗ್‌ಬುಕ್ಕಿನ ಜೆರಾಕ್ಸ್ ಇನ್ನೂ ಬಂದಿಲ್ಲ. ನಾನು ವಾರಕ್ಕೊಮ್ಮೆ ನೆನಪಿಸುತ್ತಿದ್ದೇನೆ.